ಹದಿನಾರು ಗೊಂಬೆಗಳ ಲೆಕ್ಕ

ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಅತ್ತಾರ, ಬಾಗವಾನ, ನದಾಫ ಎಂಬ ಅಡ್ಡಹೆಸರುಗಳಿವೆ. ಅತ್ತರು ಮಾರುವವರು, ಹಣ್ಣಿನವರು, ಹತ್ತಿ ಹಿಂಜುವವರು. ನಾವು ಬಾಗವಾನರು, ಅಬ್ಬಾ ಮೊಬೈಲ್ ರಿಪೇರಿ ಮಾಡುತ್ತಾರೆ, ಆದರೂ ಹೆಸರು ಬಿಟ್ಟಿಲ್ಲ. ಮೆಕ್ಸಿಕೋದ ಓಲ್ಮೆಕರಿಗೆ ಅಷ್ಟೂ ಇಲ್ಲ. ‘ಓಲ್ಮೆಕ’ ಎಂದರೆ ರಬ್ಬರಿನ ನಾಡಿನವರು. ಅದು ಅಜ್ಟೆಕರ ನಹುವಾಟಲ್ ಭಾಷೆಯ ಮಾತು. ಓಲ್ಮೆಕರ ಊರುಗಳು ಹಾಳುಬಿದ್ದು ಒಂದೂವರೆ ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಆ ಕರಾವಳಿಯಲ್ಲಿ ಇದ್ದವರಿಗೆ ಇಟ್ಟ ಹೆಸರು. 20ನೇ ಶತಮಾನದ ವಿದ್ವಾಂಸರು ಅದನ್ನೇ ತಂದು ಹಳಬರಿಗೂ ಅಂಟಿಸಿದರು. ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಹಾಗೆಂದು ಹೆಸರು ಸುಳ್ಳೂ ಅಲ್ಲ. ಆ ಸೀಮೆಯ ಎಲ್ ಮನಾಟಿ ಎಂಬಲ್ಲಿ ಕೆಸರಿನೊಳಗೆ ಕ್ರಿ.ಪೂ. 1600ರ ಸುಮಾರಿನ ರಬ್ಬರ್ ಚೆಂಡುಗಳು ಸಿಕ್ಕಿವೆ.

ಓಲ್ಮೆಕರ ಕಾಲ ಸುಮಾರು ಕ್ರಿ.ಪೂ. 1400ರಿಂದ 400. ಮೊದಲು ಸ್ಯಾನ್ ಲೊರೆನ್ಸೊ, ಆಮೇಲೆ ಲಾ ವೆಂಟಾ ಅವರ ದೊಡ್ಡ ಊರುಗಳು. ಅವರ ವಿಷಯ ಬಂದಲ್ಲೆಲ್ಲ ದೈತ್ಯಾಕಾರದ ಕಲ್ಲಿನ ತಲೆಗಳ ಚಿತ್ರವೇ ಇರುತ್ತದೆ. ಒಟ್ಟು 17 ಸಿಕ್ಕಿವೆ, ಕೆಲವು 20 ಟನ್ನಿಗೂ ಭಾರ. ಸ್ಯಾನ್ ಲೊರೆನ್ಸೊಗೆ ಆ ಕಲ್ಲು ಬಂದದ್ದು ಸುಮಾರು 60 ಕಿ.ಮೀ. ದೂರದ ಟುಕ್ಸ್‌ಟ್ಲಾ ಬೆಟ್ಟಗಳಿಂದ. ಬಂಡಿಯಿಲ್ಲ, ಎತ್ತಿಲ್ಲ. ಅಕೌಂಟೆನ್ಸಿಯಲ್ಲಿ ನಾವು ‘ಕ್ಯಾರೇಜ್ ಇನ್‌ವರ್ಡ್ಸ್’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಇಲ್ಲಿ ಬೆಟ್ಟದ ಕಲ್ಲಿಗೇನು ಬೆಲೆ? ಖರ್ಚೆಲ್ಲ ಆ ಒಂದು ಸಾಲಿನದೇ.

ಆದರೆ ನನಗೆ ಈ ತಲೆಗಳಿಗಿಂತ ಲಾ ವೆಂಟಾದ ಒಂದು ಸಣ್ಣ ಗುಂಡಿ ಹೆಚ್ಚು ಇಷ್ಟ. 1955ರಲ್ಲಿ ಅಗೆದಾಗ ಅಲ್ಲಿ ಗೇಣಿಗೂ ಗಿಡ್ಡವಾದ 16 ಗೊಂಬೆಗಳು ಸಭೆ ಸೇರಿದಂತೆ ನಿಂತಿದ್ದವು. ಹೆಚ್ಚಿನವು ಜೇಡ್, ಸರ್ಪೆಂಟೀನ್ ಎಂಬ ಹಸಿರು ಕಲ್ಲಿನವು. ಜೇಡ್ ಅವರ ನಾಡಿನಲ್ಲಿ ಸಿಗುವುದಿಲ್ಲ. ಗ್ವಾಟೆಮಾಲಾದ ಮೊಟಾಗುವಾ ಕಣಿವೆಯಿಂದ ಬರಬೇಕು. ಅಷ್ಟು ದೂರದಿಂದ ತರಿಸಿದ್ದನ್ನು ಮಣ್ಣಿನಲ್ಲಿ ಹೂತು, ಮೇಲೆ ಬಣ್ಣದ ಮಣ್ಣಿನ ನೆಲ ಹಾಸಿದ್ದಾರೆ. ಅಂಗಡಿ ಲೆಕ್ಕದಲ್ಲಿ ಇದು ಶುದ್ಧ ನಷ್ಟ.

ಕತೆ ಅಲ್ಲಿಗೇ ಮುಗಿಯುವುದಿಲ್ಲ. ಬಹಳ ಕಾಲದ ಮೇಲೆ ಯಾರೋ ಸರಿಯಾಗಿ ಅದೇ ಜಾಗದಲ್ಲಿ ನೆಲ ಕೊರೆದು, ಗೊಂಬೆಗಳ ತಲೆ ಕಾಣುವವರೆಗೆ ಇಳಿದು, ಒಂದನ್ನೂ ತೆಗೆಯದೆ ಮತ್ತೆ ಮುಚ್ಚಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸ್ಟಾಕ್ ಪರಿಶೀಲನೆ! ಯಾವ ನೆಲದ ಕೆಳಗೆ ಏನಿದೆ ಎಂಬುದು ಹೇಗೋ ಮುಂದಿನವರಿಗೆ ದಾಟಿತ್ತು. ಬರೆದಿಟ್ಟ ಲೆಕ್ಕವೇನೂ ನಮ್ಮ ಕೈಗೆ ಸಿಕ್ಕಿಲ್ಲ. ಗೊಂಬೆಗಳು ಈಗ ಮೆಕ್ಸಿಕೋ ನಗರದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಮೊದಲಿನ ಹಾಗೆಯೇ ಗುಂಪಾಗಿ ನಿಂತಿವೆ, ಹದಿನಾರಕ್ಕೆ ಹದಿನಾರೂ.