ಕಡಿದ ಸಂಪರ್ಕ, ಕಾಯುವ ಹೊತ್ತು

ಕಳೆದ ಮಳೆಗಾಲದ ಒಂದು ಸಂಜೆ ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಯೊಂದರ ಮನೆಗೆ ಹೋಗಿದ್ದೆ. ಆ ಮನೆಯ ಹಿರಿಯಾಕೆಯ ಮಗ ಮಸ್ಕತ್ತಿನಲ್ಲಿದ್ದಾನೆ. ಅಂದು ಆತನಿಗೆ ಶಸ್ತ್ರಚಿಕಿತ್ಸೆ. ಗುಡುಗಿಗೆ ಕರೆಂಟು ಹೋಯಿತು, ಅದರೊಡನೆ ವೈಫೈ ಕೂಡ. ಆಕೆಯ ಮೊಬೈಲಿಗೆ ಬೇರೆ ಡೇಟಾ ಇರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ದೀಪ ಹತ್ತಿತು, ಸಂದೇಶ ಮಾತ್ರ ಬರಲಿಲ್ಲ. "ಅವನು ಸುಮ್ಮನಿದ್ದಾನೆಂದರೆ ಏನೋ ಆಗಿದೆ, ಸ್ವಾಮಿ" ಎಂದು ಆಕೆ ಪರದೆಯನ್ನೇ ನೋಡುತ್ತ ಕುಳಿತರು. ಸಮಾಧಾನದ ಮಾತು ನನಗೂ ತೋಚಲಿಲ್ಲ.

ಹತ್ತು ಗಂಟೆಗೆ ಮೊಮ್ಮಗ ಕೆಲಸದಿಂದ ಬಂದು, ಆ ಆ್ಯಪನ್ನು ಮುಚ್ಚಿ ತೆರೆದ. 'ಕ್ಷೇಮವಾಗಿದ್ದೇನೆ ಅಮ್ಮ' ಎಂಬ ಒಂದೇ ಸಂದೇಶ ಮೂರು ಸಲ ಬಂದು ಬಿತ್ತು. ಕಳುಹಿಸಿದ್ದು ಏಳು ಗಂಟೆಗೆ!

ತಂತ್ರಾಂಶವೇ ಆ ಹುಡುಗನ ಉದ್ಯೋಗ. ರೌಟರ್ ಎದ್ದಾಗ ಅದರಾಚೆಯ ಕೇಬಲ್ ಇನ್ನೂ ಎದ್ದಿರಲಿಲ್ಲವಂತೆ. ಆ್ಯಪ್ ಎರಡು ಮೂರು ಸಲ ಬಾಗಿಲು ತಟ್ಟಿ ಕೈಬಿಟ್ಟಿತ್ತು. ಕೈಬಿಟ್ಟೆನೆಂದು ಹೇಳಲೂ ಇಲ್ಲ. "ಹಾಗಾದರೆ ಬಿಡದೆ ತಟ್ಟುತ್ತಲೇ ಇರಬಾರದೇನಪ್ಪ?" ಎಂದೆ. "ಕರೆಂಟು ಬಂದ ಕೂಡಲೇ ಬೀದಿಯವರೆಲ್ಲ ಒಟ್ಟಿಗೆ ಮೋಟಾರು ಹಾಕಿದರೆ ಏನಾಗುತ್ತದೆ, ಫಾದರ್?" ಎಂದು ಅವನು ನಕ್ಕ. ಫ್ಯೂಸು ಮತ್ತೆ ಹೋಗುತ್ತದೆ. ಲಕ್ಷಾಂತರ ಮೊಬೈಲುಗಳು ಒಂದೇ ಕ್ಷಣದಲ್ಲಿ ತಟ್ಟಿದರೆ ಆಗತಾನೆ ಎದ್ದ ಸರ್ವರ್ ಕೂಡ ಹಾಗೆಯೇ ಮತ್ತೆ ಮಲಗುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ನಿಂತುಹೋದಾಗ, ಅವುಗಳ ಎಂಜಿನಿಯರುಗಳು ಇದೇ ಭಯದಿಂದ ಎಲ್ಲವನ್ನೂ ಹಂತಹಂತವಾಗಿ ಎಬ್ಬಿಸಿದರು.

ಇದಕ್ಕೊಂದು ಲಿಖಿತ ನಿಯಮವೇ ಇದೆ. ಎಕ್ಸ್‌ಎಂಪಿಪಿ ಎಂಬ ಸಂದೇಶ ಪದ್ಧತಿಯ 2011ರ ಪತ್ರ, ಆರ್‌ಎಫ್‌ಸಿ 6120, ಹೇಳುವುದಿಷ್ಟು: ಸಂಪರ್ಕ ಕಡಿದರೆ 0ಯಿಂದ 60 ಸೆಕೆಂಡುಗಳೊಳಗೆ ಯಾರೂ ಊಹಿಸಲಾಗದ ಒಂದು ಹೊತ್ತನ್ನು ಆರಿಸಿ ಕಾಯಬೇಕು. ಮತ್ತೆ ಸೋತರೆ ಕಾಯುವ ಅವಧಿಯನ್ನು ಹೆಚ್ಚಿಸುತ್ತ ಹೋಗಬೇಕು. ಎರಡು, ನಾಲ್ಕು, ಎಂಟು, ಹದಿನಾರು ಹೀಗೆ ಇಮ್ಮಡಿಸುವುದು ರೂಢಿ. ಆದರೆ ಅದಕ್ಕೊಂದು ಮಿತಿಯೂ ಬೇಕು, ಇಲ್ಲವಾದರೆ ತಾಯಿ ಬೆಳಗಿನವರೆಗೂ ಕಾಯಬೇಕಾದೀತು. ಹವಾಯಿ ದ್ವೀಪಗಳಲ್ಲಿ 1971ರಲ್ಲೇ, ಅಲೋಹಾ ಎಂಬ ರೇಡಿಯೋ ಜಾಲದಲ್ಲಿ, ಡಿಕ್ಕಿ ಹೊಡೆದ ಸಂದೇಶಗಳು ಹೀಗೆ ಬೇರೆ ಬೇರೆ ಹೊತ್ತು ಕಾದು ಮರಳಿ ಹೊರಡುತ್ತಿದ್ದವು.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಬೇರೊಂದು ಸಂಗತಿ. ಒಳ್ಳೆಯ ಆ್ಯಪ್ ಮರಳಿ ಬಂದಾಗ ಹೊಸಬನಂತೆ ಪರಿಚಯ ಹೇಳಿಕೊಳ್ಳುವುದಿಲ್ಲ. 'ನಲವತ್ತೆರಡನೆಯದರವರೆಗೆ ನನಗೆ ತಲುಪಿದೆ, ಉಳಿದದ್ದನ್ನು ಕೊಡು' ಎನ್ನುತ್ತದೆ. ಎರಡೂ ಕಡೆಯವರು ಎಣಿಕೆ ಇಟ್ಟಿರುತ್ತಾರೆ. ಪ್ರತಿ ಸಂದೇಶಕ್ಕೂ ಗುರುತಿನ ಸಂಖ್ಯೆ ಇರುವುದರಿಂದ, ತಲುಪಿತೋ ಇಲ್ಲವೋ ಎಂಬ ಸಂಶಯದಿಂದ ಮತ್ತೆ ಕಳುಹಿಸಿದ್ದು ಓದುವವರ ಕಣ್ಣಿಗೆ ಎರಡು ಸಲ ಬೀಳುವುದಿಲ್ಲ. ಅಂದು ಮೂರು ಸಲ ಬಂದದ್ದಕ್ಕೆ ಈ ಎಚ್ಚರ ಇಲ್ಲದ್ದೇ ಕಾರಣ. ಸಂಪರ್ಕವಿಲ್ಲದಿದ್ದರೆ 'ಇಲ್ಲ' ಎಂದು ಪರದೆಯ ಮೇಲೆ ತೋರಿಸುವುದು ಇವೆಲ್ಲಕ್ಕಿಂತ ಮೊದಲ ಕರ್ತವ್ಯವೆಂದು ನನಗೆ ತೋರುತ್ತದೆ. ಹಾಗೆ ತೋರಿಸಿದ್ದರೆ ಪಕ್ಕದ ಮನೆಯಿಂದ ಒಂದು ಕರೆ ಮಾಡಿಸುತ್ತಿದ್ದೆವು.

ಆಕೆ ಆ ಮೂರನ್ನೂ ಅಳಿಸಲು ಬಿಡಲಿಲ್ಲ. "ಮೂರು ಸಲ ಹೇಳಿದ್ದಾನೆ, ಇರಲಿ" ಎಂದರು.