ಔಷಧಿಯ ಮೊದಲ ವಾರಗಳು ಮತ್ತು ನಿದ್ದೆಯಿಲ್ಲದ ನಮ್ಮ ರಾತ್ರಿಗಳು

ನಿದ್ದೆಯು ಅಲ್ಲಾಹನ ದೊಡ್ಡ ಅನುಗ್ರಹ. ಪವಿತ್ರ ಕುರ್‌ಆನ್ ಅದನ್ನು ಅವನ ದೃಷ್ಟಾಂತಗಳ ಸಾಲಿಗೆ ಸೇರಿಸಿದೆ. ಆದರೆ ಇಶಾ ಮುಗಿಸಿ ಮಲಗಿ, ಫಜ್ರ್‌ನ ಅಝಾನ್‌ಗೆ ಏಳುವವರಿಗೆ ಈ ಅನುಗ್ರಹದ ಅರಿವು ಸಾಮಾನ್ಯವಾಗಿ ಇರುವುದಿಲ್ಲ. ನಮಗೂ ಇರಲಿಲ್ಲ. ಕಳೆದ ವರ್ಷದ ಮಳೆಗಾಲದ ಆರಂಭದಲ್ಲಿ ಸುಮಾರು ಮೂರು ವಾರಗಳ ಕಾಲ ಅದು ನಮ್ಮ ಮನೆಯಿಂದ ದೂರವಾದಾಗ ಮಾತ್ರ ಅದರ ಬೆಲೆ ನಮಗೆ ತಿಳಿಯಿತು.

ಯಜಮಾನರು ಇಪ್ಪತ್ತೆರಡು ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವರು. ಇಲ್ಲಿ ಆರಂಭಿಸಿದ ವ್ಯಾಪಾರ ಕೈಹಿಡಿಯಲಿಲ್ಲ. ಮೊದಲು ಮಾತು ಕಡಿಮೆಯಾಯಿತು, ಬಳಿಕ ಊಟ ಕಡಿಮೆಯಾಯಿತು. ಕೊನೆಗೆ ಮಸೀದಿಗೆ ಹೋಗುವುದೂ ಭಾರವೆನಿಸತೊಡಗಿತು. ಕೆಲವರು ದೃಷ್ಟಿ ತಾಗಿದೆಯೆಂದರು. ಕೆಲವರು ಈಮಾನ್ ದುರ್ಬಲವಾಗಿದೆಯೆಂದರು. ಎರಡನೆಯ ಮಾತು ಅವರನ್ನು ಒಳಗಿನಿಂದ ಕುಗ್ಗಿಸಿತು. ಆರು ತಿಂಗಳು ಹೀಗೆಯೇ ಕಳೆದ ಮೇಲೆ ನಾವು ಮನೋವೈದ್ಯರ ಬಳಿಗೆ ಹೋದೆವು. ಅವರು ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆ ಮಾಡಿಸಿ, ಇದು ಖಿನ್ನತೆ ಎಂದು ತಿಳಿಸಿ ಸರ್ಟ್ರಲಿನ್ ಎಂಬ ಮಾತ್ರೆ ಬರೆದುಕೊಟ್ಟರು. ಮೊದಲ ವಾರ 25 ಮಿ.ಗ್ರಾಂ, ಆಮೇಲೆ 50 ಮಿ.ಗ್ರಾಂ.

ಯಜಮಾನರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇವೆ. ಮಾತ್ರೆ ಸೇವಿಸಿದವರು ಒಬ್ಬರಾದರೂ ನಿದ್ದೆಗೆಟ್ಟವರು ಇಬ್ಬರು. ಆದುದರಿಂದ ‘ನಾವು’ ಎನ್ನುವುದೇ ಸರಿ ಎಂದು ಅವರೂ ಹೇಳಿದರು.

ನಮ್ಮ ಮೊದಲ ತಪ್ಪು ಸಣ್ಣದು. ಯಜಮಾನರ ರಕ್ತದೊತ್ತಡದ ಮಾತ್ರೆಯ ಸಮಯ ರಾತ್ರಿ. ಇದನ್ನೂ ಅದರ ಜೊತೆಗೇ ಇಶಾದ ನಂತರ ಕೊಡತೊಡಗಿದೆವು. ‘ಮನಸ್ಸಿನ ಮಾತ್ರೆ’ ಎಂದರೆ ನಿದ್ದೆ ಬರಿಸುವ ಮಾತ್ರೆಯೇ ಇರಬೇಕೆಂದು ನಾವು ಭಾವಿಸಿದ್ದೆವು. ಚೀಟಿಯನ್ನು ಸರಿಯಾಗಿ ಓದಲಿಲ್ಲ, ಔಷಧಿ ಅಂಗಡಿಯವರನ್ನು ಕೇಳಲೂ ಇಲ್ಲ. ನಾಲ್ಕನೆಯ ರಾತ್ರಿಯಿಂದ ತೊಂದರೆ ಆರಂಭವಾಯಿತು. ಹನ್ನೊಂದಕ್ಕೆ ಮಲಗಿದರೆ ಒಂದೂವರೆಗೆ ಎಚ್ಚರ. ಮೈ ಬೆವರು, ಕಾಲುಗಳಲ್ಲಿ ಚಡಪಡಿಕೆ, ಕಣ್ಣು ಮುಚ್ಚಿದರೆ ನಿಜವೆನಿಸುವಷ್ಟು ಸ್ಪಷ್ಟವಾದ ಕನಸುಗಳು. ತೀರಿಹೋದ ತಾಯಿಯನ್ನು ಅವರು ಪ್ರತಿ ರಾತ್ರಿ ಕಂಡರು. ನಾವಿಬ್ಬರೂ ಚಾವಡಿಯ ದೀಪ ಹಚ್ಚಿ, ಮಳೆಯ ಸದ್ದು ಕೇಳುತ್ತಾ ಫಜ್ರ್‌ವರೆಗೆ ಕುಳಿತಿರುತ್ತಿದ್ದೆವು. ಬೆಳಗಾದ ಮೇಲೆ ಅವರು ಹತ್ತರವರೆಗೆ ಮಲಗುತ್ತಿದ್ದರು. ರಾತ್ರಿ ಮತ್ತೆ ಅದೇ ಕಥೆ.

ವಿಷಯ ತಿಳಿದ ಯಜಮಾನರ ಅಕ್ಕ ತಾವು ಸೇವಿಸುತ್ತಿದ್ದ ನಿದ್ದೆ ಮಾತ್ರೆಗಳಲ್ಲಿ ನಾಲ್ಕನ್ನು ಕಾಗದದಲ್ಲಿ ಸುತ್ತಿ ಕಳುಹಿಸಿದರು. ಅದು ಅವರ ಪ್ರೀತಿಯೇ, ನಾವು ದೂರುವುದಿಲ್ಲ. ಆದರೆ ಒಬ್ಬರಿಗೆ ಬರೆದುಕೊಟ್ಟ ಮಾತ್ರೆ ಇನ್ನೊಬ್ಬರಿಗೆ ಔಷಧಿಯಲ್ಲ. ಅದರಲ್ಲೂ ನಿದ್ದೆ ಮಾತ್ರೆಗಳಲ್ಲಿ ಬಹಳಷ್ಟು ಅಭ್ಯಾಸವಾಗಿಬಿಡುವಂತಹವು. ಕೆಲವೊಮ್ಮೆ ವೈದ್ಯರು ಅವುಗಳನ್ನು ಕೆಲವೇ ದಿನಗಳ ಮಟ್ಟಿಗೆ ಕೊಡುವುದುಂಟು. ಆ ನಿರ್ಧಾರ ಅವರದಾಗಬೇಕು. ಆ ಕಾಗದದ ಪೊಟ್ಟಣವನ್ನು ನಾವು ತೆರೆಯಲಿಲ್ಲ.

ಒಂಭತ್ತನೆಯ ರಾತ್ರಿ ಯಜಮಾನರು, ‘ನಾಳೆಯಿಂದ ಈ ಮಾತ್ರೆ ಬೇಡ. ಮೊದಲು ದುಃಖವಾದರೂ ಇತ್ತು, ನಿದ್ದೆ ಸ್ವಲ್ಪವಾದರೂ ಬರುತ್ತಿತ್ತು’ ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೂ ವೈದ್ಯರನ್ನು ಕೇಳದೆ ನಿಲ್ಲಿಸುವುದು ಬೇಡವೆಂದು ಒಪ್ಪಿಸಿ, ಮರುದಿನವೇ ಅವರ ಬಳಿಗೆ ಹೋದೆವು.

ವೈದ್ಯರು ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, ‘ನಿದ್ದೆಯಿಲ್ಲದೆಯೂ ವಿಪರೀತ ಉತ್ಸಾಹ ಬರುತ್ತಿದೆಯೇ? ಮಾತು ಹೆಚ್ಚಾಗಿದೆಯೇ? ದೊಡ್ಡ ದೊಡ್ಡ ಯೋಜನೆಗಳು ಹೊಳೆಯುತ್ತಿವೆಯೇ?’ ಹಾಗಿದ್ದರೆ ಅದು ಬೇರೆಯದೇ ಕಾಯಿಲೆಯ ಸೂಚನೆಯಾಗಬಹುದು, ಔಷಧಿಯನ್ನೇ ಬದಲಿಸಬೇಕಾಗಬಹುದು ಎಂದರು. ಇಲ್ಲವೆಂದೆವು. ಎರಡನೆಯದನ್ನು ಅವರು ಯಜಮಾನರ ಮುಖ ನೋಡಿ ನೇರವಾಗಿಯೇ ಕೇಳಿದರು: ‘ಬದುಕು ಸಾಕು ಎಂಬ ಯೋಚನೆ ಬರುತ್ತಿದೆಯೇ?’

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ತಲೆ ತಗ್ಗಿಸಿ, ‘ರಾತ್ರಿ ಮೂರು ಗಂಟೆಗೆ ಬರುತ್ತದೆ. ಅಲ್ಲಾಹನು ಕರೆಸಿಕೊಂಡರೆ ಮನೆಯವರಿಗೆ ಒಂದು ಹೊರೆ ಕಡಿಮೆ ಎಂದು ಅನ್ನಿಸುತ್ತದೆ’ ಎಂದರು. ಆ ಒಂಭತ್ತು ರಾತ್ರಿಯೂ ನಾವು ಅವರ ಪಕ್ಕದಲ್ಲೇ ಕುಳಿತಿದ್ದೆವು. ಅವರ ಮನಸ್ಸಿನಲ್ಲಿ ಅಂತಹ ಯೋಚನೆಯಿದೆಯೆಂದು ನಮಗೆ ತಿಳಿದಿರಲಿಲ್ಲ. ನಾವು ಕೇಳಿರಲಿಲ್ಲ. ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದಂತಾದೀತು ಎಂಬ ಭಯ. ಅದು ತಪ್ಪು ತಿಳುವಳಿಕೆ, ಕೇಳುವುದರಿಂದ ರೋಗಿಗೆ ಹಗುರವಾಗುತ್ತದೆ ಎಂದು ವೈದ್ಯರು ಹೇಳಿದರು. ಯಜಮಾನರ ಮುಖದಲ್ಲಿ ಅಂದು ಅದನ್ನು ನಾವು ಕಣ್ಣಾರೆ ಕಂಡೆವು.

ವೈದ್ಯರು ವಿವರಿಸಿದ್ದು ಹೀಗೆ. ಈ ಬಗೆಯ ಮಾತ್ರೆಗಳು ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ನಿದ್ದೆ ಮತ್ತು ಎಚ್ಚರಗಳಲ್ಲೂ ಅದಕ್ಕೆ ಪಾತ್ರವಿದೆ. ಹಾಗಾಗಿ ಅಡ್ಡಪರಿಣಾಮಗಳು ಮೊದಲ ದಿನಗಳಲ್ಲೇ ಕಾಣಿಸಿಕೊಳ್ಳುತ್ತವೆ, ಮನಸ್ಸಿಗೆ ಸಿಗುವ ಉಪಕಾರಕ್ಕೆ ನಾಲ್ಕರಿಂದ ಆರು ವಾರ ಬೇಕಾಗಬಹುದು. ನಡುವಿನ ಈ ಅವಧಿಯೇ ಕಷ್ಟದ್ದು. ಬಹಳ ಮಂದಿ ಔಷಧಿ ಬಿಡುವುದು ಇಲ್ಲಿಯೇ. ಮನೆಯವರ ಕಾವಲು ಅಗತ್ಯವಾಗಿರುವುದೂ ಇಲ್ಲಿಯೇ. ಇಪ್ಪತ್ತೈದು ವರ್ಷಕ್ಕಿಂತ ಕಿರಿಯರಾದರೆ ಇನ್ನಷ್ಟು ಎಚ್ಚರ ಬೇಕು.

ಅಂದಿನಿಂದ ಮಾತ್ರೆಯ ಸಮಯ ಬದಲಾಯಿತು. ಫಜ್ರ್‌ನ ಬಳಿಕ ಬೆಳಗಿನ ತಿಂಡಿಯೊಂದಿಗೆ ಕೊಡಲು ಹೇಳಿದರು. ಮನೆಯ ಔಷಧಿಗಳೆಲ್ಲವೂ ನಮ್ಮ ಕೈಯಲ್ಲೇ ಇರಬೇಕು, ಮೂರು ದಿನಕ್ಕೊಮ್ಮೆ ಫೋನ್ ಮಾಡಬೇಕು, ಆ ಯೋಚನೆ ಬಲಗೊಂಡರೆ ಹೊತ್ತು ನೋಡದೆ ಆಸ್ಪತ್ರೆಗೆ ಬರಬೇಕು ಎಂದೂ ತಾಕೀತು ಮಾಡಿದರು. ಅಕ್ಕ ಕಳುಹಿಸಿದ ಪೊಟ್ಟಣವನ್ನು ಅಂದೇ ಹಿಂದಿರುಗಿಸಿದೆವು.

ಉಳಿದುದು ನಮ್ಮ ದಿನಚರಿಗೆ ಸಂಬಂಧಿಸಿದ್ದು. ರಾತ್ರಿ ಎಷ್ಟೇ ಕೆಟ್ಟದ್ದಾಗಿರಲಿ, ಏಳುವ ಸಮಯ ಬದಲಾಗಬಾರದು ಎಂದರು ವೈದ್ಯರು. ಫಜ್ರ್ ಅದನ್ನು ನಮಗಾಗಿ ಮೊದಲೇ ನಿಗದಿಪಡಿಸಿತ್ತು. ನಮಾಝ್‌ನ ಬಳಿಕ ಮತ್ತೆ ಮಲಗುವುದನ್ನು ಬಿಟ್ಟು, ಬೆಳಕಿನಲ್ಲಿ ಅರ್ಧ ಗಂಟೆ ನಡೆಯತೊಡಗಿದೆವು. ಮಳೆ ಬಂದರೆ ಕೊಡೆ ಹಿಡಿದು ಹೋದೆವು. ಮಧ್ಯಾಹ್ನದ ಖೈಲೂಲ ಸುನ್ನತ್ ಎಂದು ಅವರು ಎರಡು ಗಂಟೆ ಮಲಗುತ್ತಿದ್ದರು. ಅದನ್ನು ಅರ್ಧ ಗಂಟೆಗೆ ಇಳಿಸಿದೆವು. ಸಂಜೆಯ ಎರಡು ಲೋಟ ಚಹಾ ನಿಂತಿತು. ಝುಹರ್‌ನ ನಂತರ ಚಹಾ ಇಲ್ಲ, ಕಾಫಿ ಇಲ್ಲ. ಇಶಾದ ನಂತರ ಅನಗತ್ಯ ಮಾತುಕತೆಯಲ್ಲಿ ತೊಡಗುವುದನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ ಎಂಬುದು ಹದೀಸ್‌ಗಳಿಂದ ತಿಳಿಯುತ್ತದೆ. ನಮ್ಮ ಕಾಲದಲ್ಲಿ ಆ ಮಾತುಕತೆ ಮೊಬೈಲ್‌ನಲ್ಲಿದೆ. ಎರಡೂ ಮೊಬೈಲ್‌ಗಳನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟೆವು. ಕೋಣೆಯ ಗೋಡೆ ಗಡಿಯಾರವನ್ನೂ ತೆಗೆದೆವು. ಎಚ್ಚರವಾದಾಗಲೆಲ್ಲ ಎಷ್ಟು ಗಂಟೆ ಉಳಿದಿದೆಯೆಂದು ಲೆಕ್ಕ ಹಾಕುವುದೇ ಇರುವ ಅಲ್ಪ ನಿದ್ದೆಯನ್ನೂ ಕಸಿಯುತ್ತಿತ್ತು.

ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬಾರದು. ಎದ್ದು, ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಭಾರವಾದಾಗ ಮಾತ್ರ ಮರಳಬೇಕು. ಇದು ಸರಳ ಸಲಹೆ. ಆದರೆ ಇಲ್ಲಿಯೇ ನಮಗೊಂದು ಇಕ್ಕಟ್ಟು ಎದುರಾಯಿತು. ಎಚ್ಚರವಾದಾಗ ಯಜಮಾನರು ತಹಜ್ಜುದ್‌ಗೆ ನಿಲ್ಲುತ್ತಿದ್ದರು. ಅದು ಒಳಿತೇ. ಆದರೆ ಅವರು ಅದನ್ನು ಶಿಕ್ಷೆಯಂತೆ ದೀರ್ಘಗೊಳಿಸುತ್ತಿದ್ದರು. ಎರಡು ತಾಸು ನಿಂತು, ಅತ್ತು, ಆಮೇಲೂ ನಿದ್ದೆ ಬಾರದಿದ್ದರೆ ತನ್ನ ದುಆ ಸ್ವೀಕೃತವಾಗಲಿಲ್ಲವೆಂದು ಕುಸಿಯುತ್ತಿದ್ದರು. ಮಸೀದಿಯ ಖತೀಬರಿಗೆ ಇದನ್ನು ತಿಳಿಸಿದೆವು. ಅವರು ಗದರಲಿಲ್ಲ. ನಮಾಝ್‌ನಲ್ಲಿ ತೂಕಡಿಕೆ ಬಂದವನು ಹೋಗಿ ಮಲಗಲಿ ಎಂಬುದು ಪ್ರವಾದಿವರ್ಯರ(ಸ) ಶಿಕ್ಷಣ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ. ಎರಡು ರಕ್‌ಅತ್ ಸಾಕು, ಬಳಿಕ ಮಲಗಿ ಎಂದರು. ಔಷಧಿ ಸೇವಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ, ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರು ಪ್ರವಾದಿವರ್ಯರೇ(ಸ) ಎಂದೂ ನೆನಪಿಸಿದರು.

ಮನಸ್ಸಿನ ಕಾಯಿಲೆಯನ್ನು ಕಾಯಿಲೆಯೆಂದು ಒಪ್ಪಿಕೊಳ್ಳುವುದು ನಮ್ಮ ಸಮುದಾಯಕ್ಕೆ ಹೊಸತೇನಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿಯವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತೂ ಒಂದೇ ಗ್ರಂಥದಲ್ಲಿ ಬರೆದರು. ಕಾರಣ ತಿಳಿದಿರುವ ದುಃಖವನ್ನೂ ಕಾರಣ ತಿಳಿಯದೆ ಬರುವ ದುಃಖವನ್ನೂ ಅವರು ಪ್ರತ್ಯೇಕಿಸಿದ್ದರು. ಸಾವಿರ ವರ್ಷಗಳ ಹಿಂದೆ ನಮ್ಮ ವಿದ್ವಾಂಸರು ಅರಿತಿದ್ದನ್ನು ಇಂದು ನಾವು ‘ಈಮಾನ್ ಕಡಿಮೆ’ ಎಂಬ ಎರಡು ಪದಗಳಲ್ಲಿ ಮುಚ್ಚಿಹಾಕುತ್ತಿದ್ದೇವೆ. ಪುತ್ರನ ಅಗಲಿಕೆಯ ದುಃಖದಲ್ಲಿ ದೃಷ್ಟಿಯನ್ನೇ ಕಳೆದುಕೊಂಡ ಪ್ರವಾದಿ ಯಅ್‌ಕೂಬ್(ಅ)ರ ಈಮಾನ್‌ನ ಬಗ್ಗೆ ಯಾರಾದರೂ ಹಾಗೆ ಮಾತನಾಡಲು ಸಾಧ್ಯವೇ?

ವೈದ್ಯರ ಸೂಚನೆಯಂತೆ ಒಂದು ಪುಟ್ಟ ಪುಸ್ತಕದಲ್ಲಿ ಪ್ರತಿದಿನ ಬರೆದಿಟ್ಟೆವು: ಮಲಗಿದ್ದು, ಎದ್ದದ್ದು, ಎಷ್ಟು ಬಾರಿ ಎಚ್ಚರ, ಮನಸ್ಸು ಹೇಗಿತ್ತು. ಹನ್ನೆರಡನೆಯ ದಿನ ಮೂರು ಗಂಟೆಯ ನಿದ್ದೆ. ಹದಿನೇಳನೆಯ ದಿನ ನಾಲ್ಕೂವರೆ. ಮಧ್ಯೆ ಒಂದು ರಾತ್ರಿ ಮತ್ತೆ ಎರಡು ಗಂಟೆಗೆ ಇಳಿಯಿತು. ಆದರೆ ಹಿಂದಿನ ಪುಟಗಳಿದ್ದುದರಿಂದ ಹೆದರಲಿಲ್ಲ. ಇಪ್ಪತ್ಮೂರನೆಯ ದಿನ ಅವರು ಐದೂವರೆ ಗಂಟೆ ಒಂದೇ ನಿದ್ದೆ ಮಾಡಿದರು. ಅಂದು ಅಝಾನ್ ಕೇಳಿಯೂ ಏಳದ ಅವರನ್ನು ನಾವು ಎಬ್ಬಿಸಬೇಕಾಯಿತು. ಎಬ್ಬಿಸುವಾಗ ಕಣ್ಣು ತುಂಬಿಬಂತು. ಆರನೆಯ ವಾರ ಮಗ ಏನೋ ತಮಾಷೆ ಮಾಡಿದಾಗ ಯಜಮಾನರು ನಕ್ಕರು. ‘ಅಬ್ಬ ನಕ್ಕರು’ ಎಂದು ಅವನು ಅಡುಗೆಮನೆಗೆ ಓಡಿಬಂದು ಹೇಳಿದನು.

ಇದು ನಮ್ಮ ಮನೆಯ ಅನುಭವ ಮಾತ್ರ. ಇದೇ ಮಾತ್ರೆ ಕೆಲವರಿಗೆ ತೂಕಡಿಕೆ ತರುತ್ತದೆ. ಅಂತಹವರಿಗೆ ರಾತ್ರಿಯೇ ಸೂಕ್ತವಾಗಬಹುದು. ಮಿರ್ಟಾಝಪಿನ್‌ನಂತಹ ಔಷಧಿಗಳನ್ನು ಮಲಗುವ ಹೊತ್ತಿಗೇ ಕೊಡುತ್ತಾರೆ. ಆದುದರಿಂದ ಸಮಯ ಬದಲಿಸುವ ಮುನ್ನ ನಿಮ್ಮ ವೈದ್ಯರನ್ನು ಕೇಳಿರಿ. ರಮಝಾನ್‌ನಲ್ಲಿ ಉಪವಾಸ ಮತ್ತು ಮಾತ್ರೆಯ ಹೊಂದಾಣಿಕೆಯನ್ನೂ ಮುಂಚಿತವಾಗಿಯೇ ಕೇಳಿರಿ. ರೋಗಿಗೆ ನೀಡಲಾಗಿರುವ ರಿಯಾಯಿತಿಯೂ ಅಲ್ಲಾಹನದ್ದೇ. ಗುಣವಾಯಿತೆಂದು ಹಠಾತ್ತನೆ ನಿಲ್ಲಿಸಬೇಡಿರಿ. ಚೇತರಿಸಿದ ಮೇಲೂ ಕೆಲವು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸಬೇಕಾಗುತ್ತದೆ. ರಾತ್ರಿ ಯಾರೂ ಸಿಗದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಯಲ್ಲಿ ಯಾರಾದರೂ ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಕುಳಿತಿದ್ದರೆ, ಪಕ್ಕದಲ್ಲಿ ಕುಳಿತು ಕೇಳಿರಿ. ನಾವು ಒಂಭತ್ತು ರಾತ್ರಿ ಕೇಳದೆ ಕಳೆದೆವು. ಅಲ್ಲಾಹನು ನಮ್ಮನ್ನು ಕಾಪಾಡಿದನು. ಎಲ್ಲ ರೋಗಿಗಳಿಗೂ ಅವನು ಶಿಫಾ ನೀಡಲಿ, ಅವರ ಜೊತೆ ಎಚ್ಚರವಿರುವವರಿಗೆ ಸಹನೆಯನ್ನು ನೀಡಲಿ. ಆಮೀನ್.