ಗೂಡಿನ ಊರಿನಿಂದ ತೊಮಿಯೋಕಕ್ಕೆ

ಪೆರೇಸಂದ್ರ ಎಲ್ಲಿದೆ ಎಂದು ಕೇಳಿದವರಿಗೆ ಗುರುತು ಹೇಳುವುದು ಸುಲಭ. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿ ಕಡೆಗೆ ಹೊರಟರೆ ಗುಡಿಬಂಡೆಗೆ ತಿರುಗುವ ಕ್ರಾಸ್ ಸಿಗುತ್ತದಲ್ಲ, ಅದೇ. ನಮ್ಮ ಹಳ್ಳಿ ಅಲ್ಲಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಹೊಲದಲ್ಲಿ ಹಿಪ್ಪುನೇರಳೆ. ಗೂಡು ಮಾರುವುದು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ. ನನ್ನ ಎಂಬಿಎ ಫೀಸಿನ ಬಹುಪಾಲು ಬಂದದ್ದೂ ಆ ಗೂಡಿನಿಂದಲೇ.

ಎರಡನೇ ವರ್ಷದಲ್ಲಿ ಕಾಲೇಜಿನವರು ಅಧ್ಯಯನ ಪ್ರವಾಸಕ್ಕೆಂದು ಜಪಾನಿಗೆ ಕರೆದೊಯ್ದರು. ಕಾರ್ಖಾನೆಗಳನ್ನು ನೋಡುವುದು, ವ್ಯವಸ್ಥಾಪಕರ ಮಾತು ಕೇಳುವುದು, ವಾಪಸ್ ಬಂದು ವರದಿ ಬರೆಯುವುದು. ಒಂದು ದಿನ ಬಿಡುವಿದೆ, ಅವತ್ತು ಹಳೆಯ ರೇಷ್ಮೆ ಗಿರಣಿಯೊಂದನ್ನು ನೋಡಿ ಬರುತ್ತೇನೆ ಎಂದು ಹೊರಡುವ ಮೊದಲೇ ಮನೆಯಲ್ಲಿ ಹೇಳಿದ್ದೆ. ಅಮ್ಮ ನಕ್ಕುಬಿಟ್ಟರು. "ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ ಗೂಡೇ ನೋಡ್ಬೇಕಾ? ಇಲ್ಲೇ ಮನೇಲಿ ಇದ್ಯಲ್ಲಮ್ಮಾ!"

ನಮ್ಮ ಕಡೆಯವರು ಕಲಿಯಲೆಂದು ಜಪಾನಿಗೆ ಹೋದದ್ದು ಹೊಸದೇನಲ್ಲ. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲಿ ಶಾಲೆ ಕಲಿತ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಅಲ್ಲಿಗೆ ಹೋಗಿದ್ದರು. ಆಗಿನ್ನೂ ಅವರು ಬೊಂಬಾಯಿ ಪ್ರಾಂತ್ಯದ ಎಂಜಿನಿಯರ್. ದಿವಾನಗಿರಿ ಸಿಕ್ಕಿದ್ದು 1912ರಲ್ಲಿ. ಶಿಕ್ಷಣ, ಬ್ಯಾಂಕು, ಕೈಗಾರಿಕೆ ಎಂದು ಅವರು ಮೈಸೂರಿನಲ್ಲಿ ಹಿಡಿದ ದಾರಿಯ ಹಿಂದೆ ಆ ಪ್ರವಾಸದ ಪಾಠವೂ ಇತ್ತು.

ನಮ್ಮ ತಂಡ ಮೊದಲು ನೋಡಿದ್ದು ನಗೋಯಾದಲ್ಲಿರುವ ಟೊಯೊಟಾ ಕಂಪನಿಯ ವಸ್ತುಸಂಗ್ರಹಾಲಯ. ಕಾರು ನೋಡಲು ಹೋದವರಿಗೆ ಮೊದಲು ಕಾಣುವುದು ಮಗ್ಗ. ಕಂಪನಿಯ ಮೂಲಪುರುಷ ಸಕಿಚಿ ಟೊಯೊಡಾ ಮಗ್ಗ ಮಾಡುತ್ತಿದ್ದವರು. 1924ರ ಅವರ ಸ್ವಯಂಚಾಲಿತ ಮಗ್ಗದಲ್ಲಿ ಒಂದು ಎಳೆ ತುಂಡಾದರೂ ಸಾಕು, ಯಂತ್ರ ತಾನಾಗಿ ನಿಲ್ಲುತ್ತದೆ. ತಪ್ಪು ಬಟ್ಟೆ ನೇಯ್ದು ಆಮೇಲೆ ಹುಡುಕುವುದಕ್ಕಿಂತ ತಪ್ಪಾದ ಕ್ಷಣದಲ್ಲೇ ನಿಲ್ಲಿಸುವುದು ಲೇಸು ಎಂಬ ಲೆಕ್ಕ. ಇವತ್ತು ನಮ್ಮ ಬಿಡದಿಯ ಕಾರು ಕಾರ್ಖಾನೆಯವರೆಗೂ ಬಂದಿರುವ ಪದ್ಧತಿಯ ಬೇರು ಅಲ್ಲಿದೆ. ಸುಜುಕಿ ಕಂಪನಿ ಶುರುವಾದದ್ದೂ ಮಗ್ಗದಿಂದಲೇ, 1909ರಲ್ಲಿ.

ಬಿಡುವಿನ ದಿನ ಗೆಳತಿಯೊಬ್ಬಳನ್ನು ಜೊತೆ ಮಾಡಿಕೊಂಡು ತೊಮಿಯೋಕಕ್ಕೆ ಹೊರಟೆ. ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ತಕಸಾಕಿಗೆ ಒಂದು ಗಂಟೆಯೊಳಗೆ ತಲುಪಬಹುದು. ಅಲ್ಲಿಂದ ಸಣ್ಣ ರೈಲು, ಸುಮಾರು ನಲವತ್ತು ನಿಮಿಷ. ಕಿಟಕಿಯಾಚೆ ಗುಡ್ಡ, ಚಿಕ್ಕ ಚಿಕ್ಕ ಹೊಲ. ಸ್ಟೇಷನ್ನಿನಿಂದ ಗಿರಣಿಗೆ ಹದಿನೈದು ನಿಮಿಷದ ನಡಿಗೆ ಅಷ್ಟೇ.

ಕೆಂಪು ಇಟ್ಟಿಗೆಯ ಆ ಗಿರಣಿಯನ್ನು ಜಪಾನ್ ಸರ್ಕಾರ ಕಟ್ಟಿಸಿದ್ದು 1872ರಲ್ಲಿ. ಆಗ ಅವರ ರೇಷ್ಮೆಗೆ ಹೊರದೇಶಗಳಲ್ಲಿ ಬೇಡಿಕೆ ಇತ್ತು, ಆದರೆ ನೂಲು ಒಂದೇ ಸಮನಾಗಿರುತ್ತಿರಲಿಲ್ಲ. ಅದಕ್ಕೇ ಫ್ರಾನ್ಸಿನ ಪಾಲ್ ಬ್ರೂನಾ ಎಂಬವರನ್ನು ಕರೆಸಿ, ಫ್ರೆಂಚ್ ಯಂತ್ರಗಳನ್ನು ತರಿಸಿ, 300 ಬೇಸಿನ್‌ಗಳ ಗಿರಣಿ ಕಟ್ಟಿದರು. ಇಟ್ಟಿಗೆ ಸುಟ್ಟವರು ಮಾತ್ರ ಅಲ್ಲಿನ ಹೆಂಚು ಮಾಡುವವರೇ.

ಕಟ್ಟಡವಾಯಿತು, ಕೆಲಸಕ್ಕೆ ಹೆಣ್ಣುಮಕ್ಕಳು ಬರಲಿಲ್ಲ! ಫ್ರೆಂಚರು ಕುಡಿಯುತ್ತಿದ್ದ ಕೆಂಪು ವೈನ್ ನೋಡಿದ ಜನ, ಇವರು ರಕ್ತ ಕುಡಿಯುತ್ತಾರೆ ಎಂದು ಹೆದರಿದ್ದರಂತೆ. ಕೊನೆಗೆ ಗಿರಣಿಯ ಮೊದಲ ಮುಖ್ಯಸ್ಥ ಒದಾಕಾ ಅತ್ಸುತದಾ ತಮ್ಮ ಸ್ವಂತ ಮಗಳು ಯೂಳನ್ನೇ ಕೆಲಸಕ್ಕೆ ಸೇರಿಸಿದರು. ಆಮೇಲೆ ದೂರದೂರದ ಊರುಗಳಿಂದ ಹುಡುಗಿಯರು ಬಂದರು. ದಿನಕ್ಕೆ ಸುಮಾರು ಎಂಟು ಗಂಟೆ ಕೆಲಸ, ಭಾನುವಾರ ರಜೆ. ಕಲಿತವರು ಊರಿಗೆ ಮರಳಿ ಅಲ್ಲಿನ ಗಿರಣಿಗಳಲ್ಲಿ ಇತರರಿಗೆ ಕಲಿಸಬೇಕು ಎಂಬುದು ಸರ್ಕಾರದ ಲೆಕ್ಕಾಚಾರ. ಹಾಗೆ ಮರಳಿ ಕಲಿಸಿದ ವಾದಾ ಏಯಿ ಎಂಬಾಕೆ ಬರೆದಿಟ್ಟ ನೆನಪುಗಳು ಇಂದಿಗೂ ಓದಲು ಸಿಗುತ್ತವೆ. ಮುಂದೆ ಬಂದ ಎಷ್ಟೋ ಖಾಸಗಿ ಗಿರಣಿಗಳಲ್ಲಿ ಹೆಣ್ಣುಮಕ್ಕಳ ಪಾಡು ಬಹಳ ಕಷ್ಟದ್ದಾಗಿತ್ತು, ಅದನ್ನೂ ಮರೆಯುವ ಹಾಗಿಲ್ಲ. 1909ರ ಹೊತ್ತಿಗೆ ಜಪಾನ್ ಚೀನಾವನ್ನೂ ಹಿಂದಿಕ್ಕಿ ಕಚ್ಚಾ ರೇಷ್ಮೆ ರಫ್ತಿನಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು.

ಒಂದು ಕಡೆ ಹೆಂಗಸೊಬ್ಬರು ಬಿಸಿನೀರಿನಲ್ಲಿ ಗೂಡು ಹಾಕಿ ಕೈಯಿಂದ ನೂಲು ಬಿಚ್ಚಿ ತೋರಿಸುತ್ತಿದ್ದರು. ಬೆಂದ ಗೂಡಿನ ವಾಸನೆ ಬಂತು ನೋಡಿ, ಶಿಡ್ಲಘಟ್ಟದ ಗಲ್ಲಿಗೇ ಬಂದ ಹಾಗಾಯಿತು. ಗೆಳತಿ ಮೂಗು ಮುಚ್ಚಿಕೊಂಡಳು, ನಾನು ಇನ್ನಷ್ಟು ಹತ್ತಿರ ಹೋದೆ.

ಒಳಗೆ ನೂಲು ಬಿಚ್ಚಾಣಿಕೆಯ ಉದ್ದನೆಯ ಕೊಠಡಿ. ಆ ತುದಿಯಿಂದ ಈ ತುದಿಗೆ ಯಂತ್ರಗಳ ಸಾಲು. ಅವನ್ನು ಮಾಡಿದ್ದು ಕಾರಿನ ನಿಸ್ಸಾನ್ ಕಂಪನಿ. ಒಂದೂ ಓಡುತ್ತಿಲ್ಲ. 1987ರಲ್ಲಿ ಗಿರಣಿ ನಿಂತಿತು, 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದು ಕಾಲಕ್ಕೆ ಜಪಾನಿನಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆಗಳು ಹುಳು ಸಾಕುತ್ತಿದ್ದವು. ಈಗ ಇನ್ನೂರು ಮನೆಯೂ ಇಲ್ಲ. ನೈಲಾನ್ ಬಂತು, ಕಿಮೊನೊ ಉಡುವವರು ಕಡಿಮೆಯಾದರು, ಅಗ್ಗದ ರೇಷ್ಮೆ ಹೊರಗಿನಿಂದ ಬಂತು. ಜೊತೆಗೆ ರೈತರ ಮಕ್ಕಳಿಗೆ ಪಟ್ಟಣದಲ್ಲಿ ಒಳ್ಳೆಯ ಸಂಬಳ ಸಿಕ್ಕಿತು, ಹುಳುಮನೆಯಲ್ಲಿ ದುಡಿಯುವ ಕೈಗಳು ಉಳಿಯಲಿಲ್ಲ.

ಈ ಕೊನೆಯ ಕಾರಣ ನನಗೆ ಚುರುಕ್ಕೆಂದಿತು. ನಾನೂ ಹಾಗೆ ಪಟ್ಟಣ ಸೇರಿದ ಮಗಳೇ ತಾನೆ?

ಜಪಾನಿನ ವಿದ್ಯೆ ನಮ್ಮಲ್ಲಿಗೂ ಬಂದಿದೆ. ಜೆಮ್‌ಶೆಟ್‌ಜಿ ಟಾಟಾ ಅವರು ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ಮಾಡಿದ ತೋಟದ ನೆನಪಿಗೆ ಬಸವನಗುಡಿ ಪಕ್ಕದ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಉಳಿದಿದೆ. 1991ರಿಂದ ಜಪಾನಿನ ಜೈಕಾ ಸಂಸ್ಥೆಯ ತಜ್ಞರು ಕೇಂದ್ರ ರೇಷ್ಮೆ ಮಂಡಳಿಯವರ ಜೊತೆ ಸೇರಿ ದ್ವಿತಳಿ ಬೆಳೆಗಾಗಿ ಕೆಲಸ ಮಾಡಿದರು. ನಮ್ಮಪ್ಪ ಸಾಕುವ ಸಿಎಸ್‌ಆರ್ ತಳಿ ಮೈಸೂರಿನ ಸಂಶೋಧನಾ ಸಂಸ್ಥೆಯಲ್ಲಿ ಆ ಕಾಲದಲ್ಲಿ ಬಂದದ್ದು. ಅವರು ಬಿಟ್ಟ ಕಸುಬನ್ನು ನಾವು ಹಿಡಿದುಕೊಂಡಿದ್ದೇವೆ. ಎಷ್ಟು ದಿನ?

ಊರಿಗೆ ಬಂದಾಗ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಒಂದು ಬೆಳೆಯಲ್ಲಿ ಹುಳು ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಖರ್ಚಾಗುವುದು ಈ ಕೊನೆಯ ವಾರದಲ್ಲೇ. ಅಪ್ಪನ ಹತ್ತಿರ ಲೆಕ್ಕ ಕೇಳಿದೆ. ಮೊಟ್ಟೆ, ಗೊಬ್ಬರ, ಔಷಧಿ, ಕೂಲಿ, ಮಾರುಕಟ್ಟೆಗೆ ಟೆಂಪೊ ಬಾಡಿಗೆ ಎಲ್ಲ ಬಾಯಲ್ಲೇ ಹೇಳಿದರು. "ಅಮ್ಮಂದು?" ಎಂದೆ.

"ಅಮ್ಮಂದೇನು? ಮನೆ ಕೆಲ್ಸ ತಾನೆ."

ಆ ಬೆಳೆಯಲ್ಲಿ ಅಮ್ಮ ಸೊಪ್ಪು ಹಾಕಿದ್ದು, ಕಸ ತೆಗೆದದ್ದು, ರಾತ್ರಿ ಎದ್ದು ನೋಡಿದ್ದು ಎಲ್ಲವನ್ನೂ ಗಂಟೆ ಹಾಕಿ ಬರೆದುಕೊಂಡೆವು. ಊರಲ್ಲಿ ಕೊಡುವ ಕೂಲಿ ದರದಲ್ಲೇ ಗುಣಿಸಿದರೂ ಅಪ್ಪ ಲಾಭ ಎಂದುಕೊಂಡಿದ್ದರಲ್ಲಿ ದೊಡ್ಡ ಪಾಲು ಅಮ್ಮನ ಕೂಲಿಯೇ ಆಗಿತ್ತು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಚಾಕಿ ಕಟ್ಟಿದ ಹುಳಾನೇ ತರೋಣ, ಮೊದಲ ಹತ್ತು ದಿನ ಅವಳಿಗೆ ಬಿಡುವಾಗುತ್ತೆ" ಎಂದರು. ದುಡ್ಡು ಜಾಸ್ತಿ ಅಂತ ಇಷ್ಟು ವರ್ಷ ಬೇಡ ಎನ್ನುತ್ತಿದ್ದವರು ಅವರೇ.

ಕಾಲೇಜಿಗೆ ಕೊಟ್ಟ ವರದಿಯಲ್ಲಿ ಟೊಯೊಟಾ ಬಗ್ಗೆ ಹತ್ತು ಪುಟ ಬರೆದೆ. ಕೊನೆಯ ಪುಟದಲ್ಲಿ ಈ ಲೆಕ್ಕವನ್ನೂ ಸೇರಿಸಿದ್ದೇನೆ. ಹುಳು ಸಾಕುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಬೆಳೆಗೆ ನೀವೂ ಒಂದು ನೋಟ್‌ಬುಕ್ ಇಡಿ. ಮೊದಲ ಸಾಲಿನಲ್ಲಿ ಮನೆಯ ಹೆಣ್ಣುಮಕ್ಕಳ ದುಡಿಮೆ ಬರೆಯಿರಿ.